ಕಟ್ಟಿಸಿದ ಹಲ್ಲಿನ ಸುತ್ತ ವಸಡಿನ ಸೋಂಕು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಹಲ್ಲು ಕಟ್ಟಿಸುವುದೆಂದರೆ ಹಿಂದೆ ತೆಗೆದು ಹಾಕುವ ಸೆಟ್ಟು ಎಂದಷ್ಟೇ ಅರ್ಥವಿತ್ತು. ಈಗ ದವಡೆಯ ಮೂಳೆಯೊಳಗೆ ಟೈಟಾನಿಯಂ ತಿರುಪನ್ನು ಕೂರಿಸಿ, ಅದರ ಮೇಲೆ ಹಲ್ಲು ನಿಲ್ಲಿಸುವ ಇಂಪ್ಲಾಂಟ್ ಚಿಕಿತ್ಸೆಗಾಗಿ ಹಳ್ಳಿಗಳಿಂದಲೂ ಜನರು ಪಟ್ಟಣಕ್ಕೆ ಹೋಗುತ್ತಿದ್ದಾರೆ. ಮೂಳೆಯು ಟೈಟಾನಿಯಂಗೆ ಬೆಸೆದುಕೊಳ್ಳುತ್ತದೆ ಎಂದು ಕಂಡುಕೊಂಡ ಸ್ವೀಡನ್ನಿನ ಬ್ರಾನೆಮಾರ್ಕ್ ಅವರು 1965ರಲ್ಲಿ ಮೊದಲ ರೋಗಿಗೆ ಇದನ್ನು ಅಳವಡಿಸಿದರು.

ಲೋಹಕ್ಕೆ ಹುಳುಕು ಹಿಡಿಯದು, ನಿಜ. ಆದುದರಿಂದ ಆರೈಕೆಯೇ ಬೇಡವೆಂಬ ಭಾವನೆ ಮಾತ್ರ ತಪ್ಪು. ಸ್ವಾಭಾವಿಕ ಹಲ್ಲಿನ ಬೇರಿನೊಳಕ್ಕೆ ವಸಡಿನ ನಾರುಗಳು ನಾಟಿಕೊಂಡು ಅದನ್ನು ಬಿಗಿಹಿಡಿದಿರುತ್ತವೆ. ಲೋಹದೊಳಕ್ಕೆ ಅವು ನಾಟಲಾರವು. ಪಕ್ಕದಲ್ಲಿ ಒರಗಿಕೊಂಡಿರುತ್ತವೆ, ಅಷ್ಟೇ. ಹೀಗಾಗಿ ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಒಳದಾರಿ ಸುಲಭ.

ಮೊದಲ ಹಂತದಲ್ಲಿ ವಸಡು ಮಾತ್ರ ಕೆಂಪಾಗಿ ಊದಿಕೊಳ್ಳುತ್ತದೆ. ಉಜ್ಜುವಾಗ ರಕ್ತ ಒಸರುತ್ತದೆ. ಆಗಲೇ ದಂತವೈದ್ಯರು ಶುಚಿಗೊಳಿಸಿ, ರೋಗಿಯೂ ದಿನಕ್ಕೆ ಎರಡು ಬಾರಿ ಸರಿಯಾಗಿ ಉಜ್ಜಿದರೆ ವಸಡು ಸಾಮಾನ್ಯವಾಗಿ ಮೊದಲಿನಂತಾಗುತ್ತದೆ. ಎರಡನೆಯ ಹಂತದಲ್ಲಿ ಮೂಳೆ ಕರಗತೊಡಗುತ್ತದೆ. ಕೀವು, ದುರ್ವಾಸನೆ ಕಾಣಿಸಬಹುದು. ಏನೂ ಕಾಣಿಸದೆಯೂ ಇರಬಹುದು. ಕರಗಿದ ಮೂಳೆ ತಾನಾಗಿ ಬೆಳೆಯುವುದಿಲ್ಲ. ಶಸ್ತ್ರಚಿಕಿತ್ಸೆ ಬೇಕಾದೀತು, ಕೆಲವೊಮ್ಮೆ ಇಂಪ್ಲಾಂಟನ್ನೇ ತೆಗೆಯಬೇಕಾದೀತು. ಇಷ್ಟೆಲ್ಲ ನಡೆಯುವಾಗಲೂ ನೋವು ಅನೇಕರಿಗೆ ಇರುವುದೇ ಇಲ್ಲ. ನೋವು ಬರಲಿ, ನೋಡೋಣ ಎಂದು ಕಾದವರು ಹಲ್ಲನ್ನೂ ಕಳೆದುಕೊಳ್ಳುತ್ತಾರೆ, ಅದಕ್ಕಾಗಿ ಮಾಡಿದ ಸಾಲವನ್ನೂ ತೀರಿಸುತ್ತಿರುತ್ತಾರೆ.

ಹಿಂದೆ ವಸಡಿನ ರೋಗದಿಂದಲೇ ಹಲ್ಲು ಕಳೆದುಕೊಂಡವರಿಗೆ, ಮಧುಮೇಹ ಹತೋಟಿಯಲ್ಲಿಲ್ಲದವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಹೆಚ್ಚು. ಸೇದುವವರ ವಸಡಿನಿಂದ ರಕ್ತ ಒಸರುವುದೂ ಕಡಿಮೆಯಾಗುವುದುಂಟು. ಎಚ್ಚರಿಕೆಯ ಗುರುತೇ ಅಲ್ಲಿ ಮರೆಯಾಗಿರುತ್ತದೆ. ಇದ್ದಿಲು, ಇಟ್ಟಿಗೆ ಪುಡಿ ವಸಡನ್ನು ಕೆರೆಯುತ್ತವೆ. ಬೇವಿನ ಕಡ್ಡಿಯ ಮೇಲೆ ಅನೇಕ ಹಿರಿಯರಿಗೆ ನಂಬಿಕೆಯುಂಟು. ಆದರೆ ಕಟ್ಟಿದ ಹಲ್ಲು ವಸಡನ್ನು ಸೇರುವ ಸಂದಿಗೆ ಅದು ತಲುಪದು. ಅಲ್ಲಿಗೆ ಮೃದುವಾದ ಬ್ರಷ್ ಮತ್ತು ಸಂದಿಗೆ ಹೋಗುವ ಸಣ್ಣ ಬ್ರಷ್ ಬೇಕು.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಮಧುಮೇಹ ತಪಾಸಣೆಯ ಮಾತು ಬಂದಾಗ ವಸಡಿನ ರಕ್ತಸ್ರಾವದ ವಿಚಾರವನ್ನೂ ಸದಸ್ಯರು ಎತ್ತಬಹುದು. ಶಾಲೆಯ ಸುತ್ತ 100 ಗಜದೊಳಗೆ ತಂಬಾಕು ಮಾರಾಟವನ್ನು 2003ರ ಕಾಯ್ದೆ ನಿಷೇಧಿಸಿದೆ. ಅದರ ಪಾಲನೆಯ ಮೇಲೆ ನಿಗಾ ಇಡುವುದು ಪಂಚಾಯಿತಿಯ ಕೈಯಲ್ಲೇ ಇದೆ.

ಇಂಪ್ಲಾಂಟ್ ಹಾಕಿಸಿಕೊಂಡವರು ಹಲ್ಲು ಕೂರಿಸಿದಾಗ ತೆಗೆದ ಎಕ್ಸ್‌ರೇಯನ್ನೂ, ತಿರುಪಿನ ಕಂಪನಿ ಮತ್ತು ಅಳತೆ ಬರೆದ ಚೀಟಿಯನ್ನೂ ಕೇಳಿ ಪಡೆದು, ಪಹಣಿಯಷ್ಟೇ ಜೋಪಾನವಾಗಿ ಇಟ್ಟುಕೊಳ್ಳಬೇಕು. ಮೂಳೆ ಎಷ್ಟು ಕರಗಿದೆಯೆಂದು ಮುಂದೆ ಅಳೆಯುವುದು ಆ ಮೊದಲ ಚಿತ್ರದ ಎದುರಿಗಿಟ್ಟೇ.