ನಾಲ್ಕು ಎಂಬಿ ಇದ್ದರೂ ಜಾಗ ಸಾಲದು!

ನಿಟ್ಟೂರಿನಲ್ಲಿ ಕೊಬ್ಬರಿ ವ್ಯಾಪಾರಿಯೊಬ್ಬರ ಲೆಕ್ಕ ಟೈಪ್ ಮಾಡ್ತಿದ್ದೆ, ಡಾಸ್ ಕಾಲದಲ್ಲಿ. ಬೆಳಗ್ಗೆ ಆಡಿಟರ್ ಬರ್ಬೇಕು, ರಾತ್ರಿ ಪ್ರೋಗ್ರಾಂ 'ಮೆಮೊರಿ ಸಾಲದು' ಅಂತ ನಿಂತುಬಿಡ್ತು. "ನಾಲ್ಕು ಎಂಬಿ ಹಾಕ್ಸಿದೀನಲ್ಲಪ್ಪ, ಇನ್ನೆಷ್ಟು ಬೇಕು?" ಅಂದ್ರು ಸಾಹುಕಾರ್ರು.

ಹಳೇ ಡಾಸ್ ಪ್ರೋಗ್ರಾಂಗಳು ಸಾಮಾನ್ಯವಾಗಿ ಓಡೋದು ಮೊದಲ 640 ಕೆಬಿ ಒಳಗೇ. ಉಳಿದದ್ದು ಬೀಗ ಹಾಕಿದ ಕೋಣೆ ಇದ್ದಹಾಗೆ.

'ಮೆಮ್ ಸ್ಲ್ಯಾಶ್ ಸಿ' ಹೊಡೆದೆ. ಯಾವುದು ಎಷ್ಟು ತಿಂದಿದೆ ಅಂತ ಪಟ್ಟಿ ಬಂತು: ಮೌಸಿನದ್ದು, ಕನ್ನಡ ಕೀಲಿಮಣೆಯದ್ದು. ಕೆಳಗೆ, ಓಡಬಲ್ಲ ಅತಿ ದೊಡ್ಡ ಪ್ರೋಗ್ರಾಂ ಎಷ್ಟು ಅನ್ನೋ ಸಾಲು. ನೋಡಬೇಕಾದದ್ದು ಅದನ್ನೇ.

ನಮ್ಮದು 1991ರ ಡಾಸ್ 5. ಕಾನ್ಫಿಗ್ ಫೈಲಿನಲ್ಲಿ ಹೈಮೆಮ್ ಕೆಳಗೆ 'ಡಾಸ್=ಹೈ' ಸೇರಿಸಿದೆ; ಡಾಸಿನ ಒಂದಷ್ಟು ಭಾಗ ಮೇಲಕ್ಕೆ ಹೋಯ್ತು. ಮೌಸ್ ತೆಗೆದೆ. ಲೆಕ್ಕಕ್ಕೆ ಮೌಸ್ ಯಾಕೆ ಸ್ವಾಮಿ? ರೀಬೂಟ್ ಮಾಡಿದೆ. ಬೆಳಗಿನ ಜಾವಕ್ಕೆ ಪ್ರಿಂಟರ್ ಕಿರುಗುಟ್ಟೋಕೆ ಶುರುವಾಯ್ತು.