‘ಕೊರಾ’ ಎಂಬ ಪದ ಕಲಿಸುವ ಪಾಠ
(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಇಂದು ಒಂದೇ ಒಂದು ಪದದ ಬಗ್ಗೆ ಮಾತನಾಡುತ್ತೇನೆ. ರಷ್ಯನ್, ಪೋಲಿಷ್, ಬೋಸ್ನಿಯನ್ ಮೊದಲಾದ ಸ್ಲಾವಿಕ್ ಭಾಷೆಗಳಲ್ಲಿ ಮರದ ತೊಗಟೆಗೆ ‘ಕೊರಾ’ ಎನ್ನುತ್ತಾರೆ. ‘ಕತ್ತರಿಸು’ ಎಂಬ ಅರ್ಥದ ಪ್ರಾಚೀನ ಧಾತುವಿನಿಂದ ಅದು ಬಂದಿದೆ ಎಂಬುದು ಭಾಷಾವಿಜ್ಞಾನಿಗಳ ಅಭಿಪ್ರಾಯ. ಕತ್ತರಿಸಿ ತೆಗೆದದ್ದೇ ಕೊರಾ.

ತಕ್ಷಣ ನಮಗೆ ಕನ್ನಡದ ‘ಕೊರೆ’ ನೆನಪಾಗುತ್ತದೆ. ರಷ್ಯನ್ನರಿಗೆ ಈ ಪದ ಕೊಟ್ಟವರು ನಾವೇ ಎಂದು ಹೇಳಿದರೆ ಚಪ್ಪಾಳೆ ಖಂಡಿತ. ಆದರೆ ಅದು ಸತ್ಯವಲ್ಲ. ಕನ್ನಡ ದ್ರಾವಿಡ ಭಾಷೆ, ರಷ್ಯನ್ ಇಂಡೋ-ಯುರೋಪಿಯನ್ ಭಾಷೆ. ಒಂದು ಪದದ ಹೋಲಿಕೆ ಆಕಸ್ಮಿಕವಾಗಿರಬಹುದು. ನಂಟು ಸಿದ್ಧವಾಗಬೇಕಾದರೆ ನಿಯಮ ಬೇಕು. ನಮ್ಮ ‘ಕಿವಿ’ ತೆಲುಗಿನಲ್ಲಿ ‘ಚೆವಿ’, ‘ಕೆರೆ’ ಅಲ್ಲಿ ‘ಚೆರುವು’. ಕಕಾರ ಚಕಾರವಾಗುವುದು ಹೀಗೆ ಪದದಿಂದ ಪದಕ್ಕೆ ಕಾಣುತ್ತದೆ. ಇದು ನಿಜವಾದ ರಕ್ತಸಂಬಂಧ.

‘ಕೊರಾ’ಕ್ಕೂ ಇಂತಹ ಬಂಧುಗಳಿದ್ದಾರೆ. ಲ್ಯಾಟಿನ್‌ನಲ್ಲಿ ತೊಗಲಿಗೆ ‘ಕೋರಿಯಮ್’. ಹಳೆಯ ರಷ್ಯನ್‌ನಲ್ಲಿ ಪ್ರಾಣಿಯ ತೊಗಲಿಗೆ ‘ಸ್ಕೊರಾ’. ಸಂಸ್ಕೃತದ ‘ಚರ್ಮ’ವನ್ನೂ ವಿದ್ವಾಂಸರು ಇದೇ ಧಾತುವಿಗೆ ಸೇರಿಸುತ್ತಾರೆ, ಅಲ್ಲಿಯೂ ಕಕಾರ ನಿಯಮದಂತೆ ಚಕಾರವಾಗಿದೆ. ಅಂದರೆ ‘ಕೊರಾ’ದ ನೆಂಟ ನಮ್ಮ ಮಾತಿನಲ್ಲಿದ್ದಾನೆ, ಆದರೆ ಅವನು ‘ಕೊರೆ’ ಅಲ್ಲ, ಸಂಸ್ಕೃತದಿಂದ ಬಂದ ‘ಚರ್ಮ’. ಕಣ್ಣಿಗೆ ಹತ್ತಿರ ಕಂಡದ್ದು ದೂರ, ದೂರ ಕಂಡದ್ದು ಹತ್ತಿರ!

ಇನ್ನು ಅಡುಗೆಮನೆಗೆ ಬನ್ನಿ. ಬಿರಿಯಾನಿಗೆ ಹಾಕುವ ದಾಲ್ಚಿನ್ನಿಗೆ ರಷ್ಯನ್ನರು ‘ಕೊರಿತ್ಸಾ’ ಎನ್ನುತ್ತಾರೆ, ಅಂದರೆ ‘ಪುಟ್ಟ ತೊಗಟೆ’. ಅರಬಿಯಲ್ಲಿ ಅದು ‘ಕಿರ್ಫಾ’. ಸಿಪ್ಪೆ ಸುಲಿಯುವ ಅರ್ಥದ ಧಾತುವಿನಿಂದ ಬಂದದ್ದು. ಕನ್ನಡದಲ್ಲಿ ‘ಚಕ್ಕೆ’. ಈ ಮೂರು ಪದಗಳಿಗೆ ಪರಸ್ಪರ ನಂಟಿಲ್ಲ. ಆದರೂ ರಷ್ಯನ್ನರು, ಅರಬರು, ನಾವು ಒಂದೇ ವಸ್ತುವನ್ನು ಒಂದೇ ರೀತಿ ನೋಡಿದೆವು. ‘ದಾಲ್ಚಿನ್ನಿ’ಯ ಮೂಲವಾದ ಫಾರಸಿಯ ‘ದಾರ್‌ಚೀನಿ’ ಮಾತ್ರ ಬೇರೆ ದಾರಿ ಹಿಡಿಯಿತು: ಅದರ ಅರ್ಥ ‘ಚೀನಾದ ಮರ’.

ಪ್ರಿಯ ವಿದ್ಯಾರ್ಥಿಗಳೇ, ನಮ್ಮ ಭಾಷೆಯೇ ಎಲ್ಲದಕ್ಕೂ ತಾಯಿ ಎನ್ನುವವರು ಎಲ್ಲ ಕಡೆಯೂ ಇದ್ದಾರೆ. ಕೇಳಲು ಹಿತವಾದ ಮಾತನ್ನೇ ಹೆಚ್ಚು ಪರೀಕ್ಷಿಸಬೇಕು. ಸುದ್ದಿ ಬಂದಾಗ ಪರಿಶೀಲಿಸಿ ನೋಡಿರೆಂದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ನಮಗೆ ಬೋಧಿಸುತ್ತದೆ. ಒಂದು ಪದದ ವಿಷಯದಲ್ಲಿ ಈ ಶಿಸ್ತು ಕಲಿತವನು ಮನುಷ್ಯರ ಬಗೆಗಿನ ಗಾಳಿಮಾತನ್ನೂ ಸುಲಭವಾಗಿ ನಂಬಲಾರ. ನಿಮ್ಮ ವಿದ್ಯೆಗೆ ಅಲ್ಲಾಹನು ಬರಕತ್ ನೀಡಲಿ. ವಸ್ಸಲಾಮ್.