ನಮಗೆ ಸಾಕಾಗುವ ಕಂಪ್ಯೂಟರು

ಮನೆಯ ಸಾಮಾನು ಎಂದು ಹಳೆಯದಾಗುತ್ತದೆ? ಪಕ್ಕದ ಮನೆಗೆ ಹೊಸದು ಬಂದ ದಿನ ಎಂದು ನನ್ನ ಅನುಭವ. ನನ್ನ ಕಂಪ್ಯೂಟರು ಹಳೆಯದಾದದ್ದೂ ಹಾಗೆಯೇ.

ಮೇಷ್ಟರ ಕೆಲಸದಿಂದ ನಿವೃತ್ತನಾದ 2016ರಲ್ಲಿ ಕೊಂಡ ಸಾಧಾರಣ ಯಂತ್ರ ಅದು. ಪಿಂಚಣಿಯ ಲೆಕ್ಕ, ನಾಲ್ಕು ಪತ್ರ, ವಾರಕ್ಕೊಮ್ಮೆ ಮೊಮ್ಮಗನ ಮುಖ, ಇಷ್ಟಕ್ಕೆ ಒಂಬತ್ತು ವರ್ಷ ತಕರಾರಿಲ್ಲದೆ ನಡೆಯಿತು. ಈಚೆಗೆ ಮಾತ್ರ ಗುಂಡಿ ಒತ್ತಿ, ಕಾಫಿ ಕುಡಿದು, ಪತ್ರಿಕೆಯ ಮೊದಲ ಪುಟ ಓದಿ ಬಂದರೂ ಅದು ಇನ್ನೂ ಆಕಳಿಸುತ್ತಿರುತ್ತಿತ್ತು. ಅಷ್ಟರಲ್ಲಿ ಪಕ್ಕದ ಮನೆಯವರು ಒಂದೂಕಾಲು ಲಕ್ಷದ ಕಂಪ್ಯೂಟರು ತಂದು ನನ್ನನ್ನು ಕರೆದು ತೋರಿಸಿದರು. ನೋಡಿ ಬಂದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಮೈಸೂರಿನಲ್ಲಿ ವಾಸ್ತುಶಿಲ್ಪ ಓದುತ್ತಿರುವ ನನ್ನ ತಂಗಿಯ ಮಗಳಿಗೆ ಒಂದು ಕಂಪ್ಯೂಟರು ಬೇಕಾಗಿತ್ತು. ಅವಳ ತಂದೆ ಇಲ್ಲ. ಕೇಳುವುದಾದರೆ ಸೋದರಮಾವನನ್ನೇ ಕೇಳಬೇಕು. "ನನ್ನದನ್ನು ಮಗುವಿಗೆ ಕೊಟ್ಟುಬಿಡುತ್ತೇನೆ, ನಾನೊಂದು ಒಳ್ಳೆಯದು ಕೊಳ್ಳುತ್ತೇನೆ" ಎಂದು ಮನೆಯಲ್ಲಿ ಸಾರಿದೆ. ದಾನವೂ ಆಯಿತು, ಆಸೆಯೂ ತೀರಿತು ಎಂದು ಒಳಗೊಳಗೇ ಹಿಗ್ಗಿದ್ದೆ.

ನನ್ನ ಹೆಂಡತಿ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆಯೇ ಕೇಳಿದಳು: "ಅವಳು ಅದರಲ್ಲಿ ಕಟ್ಟಡಗಳ ನಕ್ಷೆ ಬರೆಯಬೇಕಂತೆ. ನೀವು ಹೊಸದರಲ್ಲಿ ಏನು ಬರೀತೀರಿ?"

"ಪತ್ರ" ಎಂದೆ. ಆ ಉತ್ತರ ನನ್ನ ಕಿವಿಗೇ ಬಹಳ ಸಣ್ಣದಾಗಿ ಕೇಳಿಸಿತು.

ಕಾಗದ ಹಿಡಿದು ಲೆಕ್ಕಕ್ಕೆ ಕುಳಿತೆ. ಕಂಪ್ಯೂಟರಿನಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಸಾಮಾನ್ಯವಾಗಿ 3 ಬೈಟು ಜಾಗ ಬೇಕು. ಪುಟಕ್ಕೆ 2000 ಚಿಹ್ನೆಯೆಂದರೂ ಸಾವಿರ ಪುಟದ ಬರಹಕ್ಕೆ 60 ಲಕ್ಷ ಬೈಟು. ಫೋನಿನಲ್ಲಿ ತೆಗೆದ ಎರಡು ಮೂರು ಚಿತ್ರಗಳು ಹಿಡಿಯುವಷ್ಟು ಜಾಗ. 1969ರಲ್ಲಿ ಅಪೋಲೋ 11 ನೌಕೆಯನ್ನು ಚಂದ್ರನತ್ತ ನಡೆಸಿದ ಕಂಪ್ಯೂಟರಿಗೆ ಇದ್ದ, ಬರೆದು ಅಳಿಸುವ ಸ್ಮರಣೆ ಸುಮಾರು 4 ಕಿಲೋಬೈಟು. ನನ್ನ ಹಳೆಯ ಯಂತ್ರದಲ್ಲಿ ಅದರ ಹತ್ತು ಲಕ್ಷ ಪಟ್ಟು ಇದೆ. ಪಿಂಚಣಿ ಲೆಕ್ಕಕ್ಕೆ ಇದೂ ಸಾಲದು ಎನ್ನುವುದಕ್ಕೆ ನನಗೇ ನಾಚಿಕೆಯಾಯಿತು.

ಹಾಗಾದರೆ ಆ ನಿಧಾನವೇಕೆ? ರಿಪೇರಿಯ ಹುಡುಗ ಬಂದು ಪೆಟ್ಟಿಗೆ ಬಿಚ್ಚಿ ತೋರಿಸಿದ. ಹಾರ್ಡ್ ಡಿಸ್ಕ್ ಎಂಬುದರಲ್ಲಿ ಗ್ರಾಮಫೋನಿನ ಹಾಗೆ ತಟ್ಟೆ ತಿರುಗುತ್ತದೆ, ನಿಮಿಷಕ್ಕೆ 7200 ಸುತ್ತು. ಬೇಕಾದ ಕಡೆಗೆ ಒಂದು ಕಡ್ಡಿ ಓಡಾಡಿ ಹುಡುಕಬೇಕು. ಒಂದು ಹುಡುಕಾಟಕ್ಕೆ ಸೆಕೆಂಡಿನ ನೂರರಲ್ಲೊಂದು ಪಾಲು ಹಿಡಿದರೂ ಯಂತ್ರ ಏಳುವಾಗ ಅಂಥವು ಸಾವಿರಾರು. ಅದರ ಬದಲು ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿದ. ಇನ್ನೊಂದು 4 ಗಿಗಾಬೈಟು ಸ್ಮರಣೆ ಸೇರಿಸಿದ. ನಮ್ಮ ತಂದೆಯವರ ರೇಡಿಯೋ ನಿಂತಾಗಲೂ ಹೀಗೆಯೇ ಸುಟ್ಟ ವಾಲ್ವೊಂದನ್ನು ಬದಲಿಸುತ್ತಿದ್ದರು. ಪೆಟ್ಟಿಗೆಯನ್ನೇ ಎಸೆಯಿರಿ ಎಂದು ಯಾರೂ ಹೇಳುತ್ತಿರಲಿಲ್ಲ.

ಇನ್ನೊಂದು ತೊಡಕಿತ್ತು. ಅದರಲ್ಲಿದ್ದ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ರಕ್ಷಣೆಯ ತಿದ್ದುಪಡಿ ಬಾರದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಅಗಳಿ ಹಾಕದೆ ಮಲಗಿದ ಹಾಗೆ. ಹುಡುಗ ಲಿನಕ್ಸ್ ಹಾಕಿಕೊಟ್ಟ. ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ್ದು, ಲೋಕದ ನಾನಾ ಕಡೆಯವರು ಸೇರಿ ಬೆಳೆಸಿದ್ದು, ಬೆಲೆಯಿಲ್ಲ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಅದರಲ್ಲೂ ಕನ್ನಡ ಬರೆಯಬಹುದು. ಎರಡು ದಿನ ತಡವರಿಸಿದೆ, ಮೂರನೆಯ ದಿನ ಕೈ ಹೊಂದಿಕೊಂಡಿತು. ಕೂಲಿ ಸೇರಿ ಐದು ಸಾವಿರದೊಳಗೆ ಮುಗಿಯಿತು. ಈಗ ಕಾಫಿ ಆರುವ ಮೊದಲೇ ಯಂತ್ರ ಸಿದ್ಧ.

ದುಬಾರಿ ಯಂತ್ರ ಯಾರಿಗೂ ಬೇಡವೆಂದು ನಾನು ಹೇಳುತ್ತಿಲ್ಲ. ಕಟ್ಟಡವನ್ನು ಮೂರು ಆಯಾಮಗಳಲ್ಲಿ ಚಿತ್ರಿಸಿ, ಬೆಳಕು ನೆರಳು ತುಂಬಿ ತೋರಿಸಬೇಕಾದರೆ ಸಾಕಷ್ಟು ಸ್ಮರಣೆಯೂ ಚಿತ್ರಗಳಿಗೆಂದೇ ಪ್ರತ್ಯೇಕ ಚಿಪ್ಪೂ ಇರಬೇಕು. ನನ್ನ ಹಳೆಯದನ್ನು ಕೊಟ್ಟಿದ್ದರೆ ಆ ಹುಡುಗಿ ಸಂಕೋಚದಿಂದ ಬಾಯಿ ಬಿಡದೆ ಅದರ ಮುಂದೆಯೇ ರಾತ್ರಿಗಳನ್ನು ಕಳೆಯುತ್ತಿದ್ದಳು. ಅಗತ್ಯವಿದ್ದವಳಿಗೆ ಹಳೆಯದು, ಆಸೆಪಟ್ಟವನಿಗೆ ಹೊಸದು! ಇದನ್ನೇ ನಾನು ಔದಾರ್ಯವೆಂದು ಕರೆಯಲು ಹೊರಟಿದ್ದೆ.

ಕೂಡಿಟ್ಟ ಹಣದಲ್ಲಿ ಅವಳ ಓದಿಗೆ ತಕ್ಕ ಯಂತ್ರ ಬಂತು. ಮೊನ್ನೆ ಫೋನು ಮಾಡಿ, "ಮಾವ, ನಿಮಗೆ ಯಾವಾಗ ಹೊಸದು?" ಎಂದಳು.

"ನನ್ನದು ಚೆನ್ನಾಗಿಯೇ ಇದೆ, ಮಗು" ಎಂದೆ. ನಿಜವಾಗಿಯೂ ಚೆನ್ನಾಗಿದೆ. ಈ ಭಾಷಣವನ್ನು ಬರೆದದ್ದೂ ಅದರಲ್ಲಿಯೇ.